ಹೆಸರು ಬರೆಯದ ಹೂವು

ಗಂಡ: ಹೆಸರೂ ಬರೆಯೋ ಹಾಗಿಲ್ಲ, ನೀನು ಬರೋದೂ ಇಲ್ಲ. ಮತ್ತೆ ಹೂವು ನೀನು ಕೊಟ್ಟಿದ್ದು ಅಂತ ನಿಮ್ಮಕ್ಕನಿಗೆ ಗೊತ್ತಾಗೋದು ಹೇಗೆ?

ಹೆಂಡತಿ: ನೋಡಿದ ತಕ್ಷಣ ಗೊತ್ತಾಗುತ್ತೆ.

ಗಂಡ: ಹೂವಿನ ಮೇಲೆ ನಿನ್ನ ಮುಖ ಇರುತ್ತಾ?

ಹೆಂಡತಿ: ಅಷ್ಟು ದೊಡ್ಡ ಕಟ್ಟು ಇನ್ಯಾರು ಕಳಿಸ್ತಾರೆ ರೀ? ಅದಕ್ಕೇ ತಾನೆ ಸಗಟು ಮಾರ್ಕೆಟ್ಟಿಗೆ ಬಂದಿರೋದು. ನೀವು ಒಳಗಿಟ್ಟು ಬನ್ನಿ, ನಾನು ಗೇಟಿನ ಹೊರಗೆ ನಿಂತಿರ್ತೀನಿ.

ಗಂಡ: ಒಳಗೆ ಬಂದ್ರೆ ಏನು ಕಳ್ಕೋತೀಯ?

ಹೆಂಡತಿ: ಮರ್ಯಾದೆ.

ಇಬ್ಬರೂ ಹೂವಿನ ಸಗಟು ಮಾರುಕಟ್ಟೆಯ ಬಾಗಿಲಲ್ಲಿ ನಿಂತಿದ್ದರು. ಹೊರೆ ಹೊತ್ತವರು ಹಿಂದಿನಿಂದ ದಾರಿ ಬಿಡಿ ಎಂದು ಕೂಗುತ್ತಿದ್ದರೂ ಅವರ ಕಿವಿಗೆ ಬಿದ್ದಿರಲಿಲ್ಲ. ಗಂಡ ಲಿಫ್ಟ್ ರಿಪೇರಿಯವನು. ಹೆಂಡತಿಗೆ ಸ್ವಂತ ಹೊಲಿಗೆ ಅಂಗಡಿ ಇತ್ತು. ಅವಳ ಅಕ್ಕ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಆ ದಿನ ಅಕ್ಕ ಕೆಲಸದಿಂದ ನಿವೃತ್ತಳಾಗುವವಳಿದ್ದಳು, ಸಂಜೆ ಶಾಲೆಯಲ್ಲಿ ಬೀಳ್ಕೊಡುಗೆ. ಅಕ್ಕ ತಂಗಿಯರ ನಡುವೆ ಎರಡು ವರ್ಷದಿಂದ ಮಾತಿರಲಿಲ್ಲ. ಕಾರಣ ಒಂದು ಕೋಟು. ತಂಗಿ ಪ್ರೀತಿಯಿಂದ ಹೊಲಿದುಕೊಟ್ಟದ್ದನ್ನು ತೊಟ್ಟು ನೋಡಿದ ಅಕ್ಕ, ಒಂದು ತೋಳು ಉದ್ದವಾಯಿತು ಅಂದಿದ್ದಳು. ತೋಳು ಸರಿಯಾಗಿಯೇ ಇದೆ, ನಿನ್ನ ಕೈಯೇ ಗಿಡ್ಡ ಅಂತ ತಂಗಿ ಉತ್ತರ ಕೊಟ್ಟಿದ್ದಳು. ಕೋಟು ಕುರ್ಚಿಯ ಮೇಲೆ ಉಳಿಯಿತು, ಅಕ್ಕ ಮೆಟ್ಟಿಲಿಳಿದು ಹೋದಳು.

ಮಾರುಕಟ್ಟೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಬಕೆಟ್ಟುಗಳಲ್ಲಿ ಗುಲಾಬಿ, ಪೆಟ್ಟಿಗೆಗಳಲ್ಲಿ ಲಿಲ್ಲಿ, ನೆಲದ ಮೇಲೆ ತುಳಿದ ಎಲೆಯ ಪಚಪಚ ಕೆಸರು. ಒಂದು ಅಂಗಡಿಯಲ್ಲಿ ಬಿಡಿಯಾಗಿ ಕೊಡುವುದಿಲ್ಲ ಅಂದರು. ಇನ್ನೊಂದರಲ್ಲಿ ಗಂಡನನ್ನು ಲಾರಿ ಎಲ್ಲಿ ನಿಲ್ಲಿಸಿದ್ದೀರಿ ಅಂತ ಕೇಳಿದರು. ಮೂಲೆಯ ಮಂಡಿಯ ಯಜಮಾನಿ ಮಾತ್ರ ತಲೆಯೆತ್ತಿ ನೋಡಿದಳು. ತಲೆ ಪೂರಾ ನರೆತ ಗಟ್ಟಿ ಹೆಂಗಸು, ಸೊಂಟದಲ್ಲಿ ಕತ್ತರಿ, ಬಾಯಲ್ಲಿ ಒಂದು ತುಂಡು ದಾರ.

ಯಜಮಾನಿ: ಯಾವುದಕ್ಕೆ ಅಂತ ಹೇಳಿದ್ರೆ ಅದಕ್ಕೆ ತಕ್ಕ ಹೂವು ಕೊಡ್ತೀನಿ.

ಹೆಂಡತಿ: ನಮ್ಮಕ್ಕನಿಗೆ. ಇವತ್ತು ಅವಳದು ಮುಗೀತು.

ಯಜಮಾನಿ ಬಾಯಿಂದ ದಾರ ತೆಗೆದಳು.

ಯಜಮಾನಿ: ವಯಸ್ಸಾಗಿತ್ತಾ?

ಗಂಡ: ಅರವತ್ತು. ಅರವತ್ತು ತುಂಬಿದ ಮೇಲೆ ಒಂದು ದಿನಾನೂ ಬಿಡಲ್ಲ ನೋಡಿ.

ಯಜಮಾನಿ: ನಮ್ಮ ಕೈಲೇನಿದೆ. ಎಲ್ಲ ಮೇಲಿನವರ ಇಷ್ಟ.

ಗಂಡ: ಹೌದಮ್ಮ, ಮೇಲಿನಿಂದ ಆರ್ಡರ್ ಬಂದ ಮೇಲೆ ಮುಗೀತು. ಯಾರ ಶಿಫಾರಸೂ ನಡೆಯಲ್ಲ.

ಯಜಮಾನಿ: ಕೊನೇಲಿ ತುಂಬಾ ನರಳಿದ್ರಾ?

ಹೆಂಡತಿ: ಅವಳಾ? ಸುತ್ತ ಇದ್ದವರು ನರಳಿದ್ರು.

ಗಂಡ ಮೊಣಕೈಯಿಂದ ಮೆಲ್ಲಗೆ ತಿವಿದ. ಯಜಮಾನಿ ಅಳುಕಿನಿಂದ, ಹೋದವರ ಬಗ್ಗೆ ಹಾಗೆಲ್ಲ ಅನ್ನಬಾರದು ಅಂದಳು. ಇನ್ನೂ ಎಲ್ಲಿ ಹೋದಳು, ಸಂಜೆ ತಾನೇ ಕಳಿಸುವುದು ಅಂದಳು ಹೆಂಡತಿ. ದೂರದವರು ಬರುವ ತನಕ ಇಟ್ಟುಕೊಂಡಿರಲೇಬೇಕಲ್ಲ ಅಂತ ಯಜಮಾನಿ ತಲೆಯಾಡಿಸಿದಳು.

ಗಂಡ: ಹಳೇ ವಿದ್ಯಾರ್ಥಿಗಳೆಲ್ಲ ಬರ್ತಿದ್ದಾರೆ. ಒಬ್ಬೊಬ್ಬರೂ ಎರಡೆರಡು ಒಳ್ಳೇ ಮಾತು ಆಡ್ತಾರಂತೆ. ಇಷ್ಟು ವರ್ಷ ಅವರೆದುರು ಬಾಯಿ ಬಿಡೋ ಧೈರ್ಯ ಯಾರಿಗೂ ಇರಲಿಲ್ಲ.

ಯಜಮಾನಿ: ಎಲ್ಲ ಕಡೆ ಅದೇ ಕತೆ. ಆಡೋ ಹೊತ್ತಲ್ಲಿ ಆಡಲ್ಲ. ಅಮ್ಮಾ, ನೀವು ಕೊನೇ ಸಲ ಅವರನ್ನ ಮಾತಾಡ್ಸಿದ್ದು ಯಾವಾಗ?

ಹೆಂಡತಿ: ಮಾತು ಬಿಟ್ಟು ಎರಡು ವರ್ಷ ಆಯ್ತು.

ಯಜಮಾನಿಯ ಮುಖ ಸಣ್ಣದಾಯಿತು. ಹೂವು ಆರಿಸಲು ಬಂದಿದ್ದ ಬೇರೆ ಗಿರಾಕಿಯನ್ನು ಆಮೇಲೆ ಬರಲು ಹೇಳಿ ಕಳಿಸಿದಳು. ಒಂದು ಖಾಲಿ ಪೆಟ್ಟಿಗೆ ಬೋರಲು ಹಾಕಿ, ಹೆಂಡತಿಯನ್ನು ಕೈಹಿಡಿದು ಕೂರಿಸಿದಳು.

ಯಜಮಾನಿ: ಅಳಬೇಕು ಅನ್ನಿಸಿದ್ರೆ ಅತ್ತುಬಿಡಿ. ಇನ್ನು ನೀವು ಎಷ್ಟು ಕೂಗಿದ್ರೂ ಅವರಿಗೆ ಕೇಳಿಸಲ್ಲ.

ಹೆಂಡತಿ: ಕೇಳಿಸದೆ ಏನು? ಕೊನೇ ಬೆಂಚಲ್ಲಿ ಪಿಸುಗುಟ್ಟಿದ್ರೂ ಅವಳಿಗೆ ಕೇಳುತ್ತೆ.

ಪಾಪ, ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡು ಯಜಮಾನಿ ಗಂಡನ ಕಡೆ ನೋಡಿದಳು. ಅಕ್ಕನ ಕಿವಿ ನಿಜವಾಗಿಯೂ ಅಷ್ಟು ಚುರುಕೇ ಅಂತ ಕೇಳುತ್ತಿದ್ದಾಳೆಂದು ತಿಳಿದು ಅವನು ಜೋರಾಗಿ ತಲೆಯಾಡಿಸಿದ. ಗಂಡನಿಗೂ ಅದೇ ಸ್ಥಿತಿ ಎಂದು ಖಾತ್ರಿಯಾದ ಮೇಲೆ ಯಜಮಾನಿ ಮತ್ತೆ ಪ್ರಶ್ನೆ ಕೇಳಲಿಲ್ಲ. ನೀವೇನೂ ಯೋಚನೆ ಮಾಡಬೇಡಿ, ಎಲ್ಲ ನಾನು ನೋಡಿಕೊಳ್ಳುತ್ತೇನೆ ಅಂತ ಒಳಗೆ ಹೋದಳು.

ಹೆಂಡತಿ: ನೋಡಿದ್ರಾ? ಸಗಟು ವ್ಯಾಪಾರದವರು ಒರಟು ಅಂತಿದ್ರಿ.

ಗಂಡ: ಕೂರಿಸಿ ಮಾತಾಡ್ಸಿದ್ರು ಕಣೇ. ನಮ್ಮ ಲಿಫ್ಟ್ ಕಂಪನೀಲಿ ಗಿರಾಕಿ ಒಳಗೆ ಸಿಕ್ಕಿಹಾಕ್ಕೊಂಡ್ರೂ ಇಷ್ಟು ಕನಿಕರ ತೋರಿಸಲ್ಲ.

ಒಳಗಿನಿಂದ ಯಜಮಾನಿ ಹೊರಬಂದಾಗ ಅವಳ ಮುಂದೆ ಒಂದು ಭಾರೀ ಬಿಳಿ ಪುಷ್ಪಚಕ್ರವಿತ್ತು. ಬಿಳಿ ಲಿಲ್ಲಿ, ಬಿಳಿ ಸೇವಂತಿಗೆ, ಅಂಚಿಗೆ ಕಪ್ಪು ಹಸಿರು ಎಲೆ. ಅದರ ಹಿಂದೆ ಅವಳ ಕಾಲುಗಳಷ್ಟೇ ಕಾಣುತ್ತಿದ್ದವು.

ಗಂಡ: ಇದು ದೊಡ್ಡದಾಗಿದೆ ಬಿಡು. ಯಾರು ಕೊಟ್ಟಿದ್ದು ಅಂತ ಖಂಡಿತ ವಿಚಾರಿಸ್ತಾರೆ.

ಹೆಂಡತಿ: ರಿಬ್ಬನ್ ಮೇಲೆ ಏನೋ ಬರೆದಿದ್ದಾರೆ. ಹೆಸರು ಬೇಡ ಅಂದಿದ್ನಲ್ಲ.

ಅವಳು ಎದ್ದು ಹೋಗಿ ರಿಬ್ಬನ್ನಿನ ಸುಕ್ಕು ಬಿಡಿಸಿ ಓದಿದಳು. 'ಅಗಲಿದ ಅಕ್ಕನ ಆತ್ಮಕ್ಕೆ ಶಾಂತಿ ಸಿಗಲಿ' ಅಂತ ಇತ್ತು. ಅವಳು ಇನ್ನೊಮ್ಮೆ ಓದಿದಳು.

ಹೆಂಡತಿ: ನಮ್ಮಕ್ಕ ಸತ್ತಿಲ್ಲ.

ಅವಳು ಕೂಗಲಿಲ್ಲ. ಆದರೂ ಪಕ್ಕದ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು ಬಾಯಿ ಮುಚ್ಚಿದ.

ಗಂಡ ಗಾಬರಿಯಿಂದ, ಇವಳ ಅಕ್ಕ ಆರೋಗ್ಯವಾಗಿದ್ದಾರೆ, ಶಾಲೆಯಿಂದ ರಿಟೈರ್ ಆಗುತ್ತಿದ್ದಾರೆ ಅಷ್ಟೇ ಅಂತ ವಿವರಿಸಿದ. ಯಜಮಾನಿ ಚಕ್ರವನ್ನು ಕಂಬಕ್ಕೆ ಒರಗಿಸಿ ಸೊಂಟದ ಮೇಲೆ ಕೈಯಿಟ್ಟಳು.

ಯಜಮಾನಿ: ಅದನ್ನ ಮೊದಲೇ ಹೇಳೋಕೆ ಏನಾಗಿತ್ತು?

ಗಂಡ: ನೀವು ಕೇಳಿದ್ದಕ್ಕೆಲ್ಲ ಸರಿಯಾಗೇ ಉತ್ತರ ಕೊಟ್ವಲ್ಲಮ್ಮ.

ಯಜಮಾನಿ: ನೀವು ಸುಮ್ನಿರಿ. ಅಮ್ಮಾ, ನಿಮ್ಮಕ್ಕ ಬದುಕಿದ್ದಾರೆ?

ಹೆಂಡತಿ: ಗುಂಡುಕಲ್ಲಿನ ಹಾಗಿದ್ದಾಳೆ.

ಯಜಮಾನಿ: ಅವರ ಹತ್ರ ಫೋನ್ ಇದೆಯಾ?

ಹೆಂಡತಿ: ಇದೆ.

ಯಜಮಾನಿ: ಮತ್ತೆ ನಿಮಗೇನು ಕಷ್ಟ?

ಹೆಂಡತಿ ಏನೋ ಹೇಳಲು ಹೋದಳು. ಎರಡು ವರ್ಷದಿಂದ ಗಂಡನಿಗೆ, ಅಂಗಡಿಗೆ ಬಂದವರಿಗೆ, ಕನ್ನಡಿಗೆ ಹೇಳಿ ಹೇಳಿ ನುಣುಪಾಗಿದ್ದ ಕಾರಣಗಳಿದ್ದವು. ಕಂಬಕ್ಕೆ ಒರಗಿದ್ದ ಆ ಬಿಳಿ ಚಕ್ರದ ಎದುರು ಅವೆಲ್ಲ ತೀರಾ ಸಣ್ಣವಾಗಿ ಕಂಡವು. ಅವಳು ಫೋನ್ ತೆಗೆದು ಗುಲಾಬಿ ಬಕೆಟ್ಟುಗಳ ಆಚೆ ಹೋಗಿ ನಿಂತಳು. ಅತ್ತ ಕಡೆ ಬೇಗನೇ ಎತ್ತಿಕೊಂಡಿರಬೇಕು.

ಹೆಂಡತಿ: ಅಕ್ಕಾ. ಬದುಕಿದ್ದೀಯಾ?

ಗಂಡ ತಲೆ ಮೇಲೆ ಕೈಹೊತ್ತು ಪೆಟ್ಟಿಗೆಯ ಮೇಲೆ ಕುಸಿದ.

ಆಮೇಲಿನ ಮಾತು ಅವನಿಗೆ ಕೇಳಿಸಲಿಲ್ಲ. ಅವಳು ಕೈಬೀಸಿ ವಾದಿಸುವುದು ಕಂಡಿತು. ಮುಂಗೈಯಿಂದ ಕಣ್ಣೊರೆಸಿಕೊಂಡಳು, ಮತ್ತೆ ವಾದಿಸಿದಳು, ನಡುವೆ ಒಮ್ಮೆ ನಕ್ಕಳು, ನಕ್ಕಿದ್ದು ಅತ್ತ ಕಡೆಗೆ ಗೊತ್ತಾಗಬಾರದೆಂದು ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಯಜಮಾನಿ ಹಳದಿ ಗುಲಾಬಿಗಳನ್ನು ಒಂದೊಂದೇ ಆರಿಸಿ ತೋಳ್ತುಂಬ ಕಟ್ಟು ಕಟ್ಟಿದಳು.

ಗಂಡ: ನಮ್ಮಿಂದ ಆ ಚಕ್ರ ಹಾಳಾಯ್ತಲ್ಲಮ್ಮ.

ಯಜಮಾನಿ: ಅದಕ್ಕೆ ದಿನಾ ಗಿರಾಕಿ ಇರ್ತಾರೆ. ರಿಬ್ಬನ್ ಮಾತ್ರ ಬದಲಾಯಿಸ್ಬೇಕು.

ಹೆಂಡತಿ ವಾಪಸು ಬಂದಳು. ಮುಖ ಕೆಂಪಾಗಿತ್ತು, ಫೋನ್ ಬೆವರಿನಿಂದ ಒದ್ದೆಯಾಗಿತ್ತು. ಏನಾಯಿತು ಅಂತ ಕೇಳಲು ಗಂಡನಿಗೆ ಧೈರ್ಯ ಬರಲಿಲ್ಲ, ಯಜಮಾನಿಯೇ ಕೇಳಿದಳು.

ಹೆಂಡತಿ: ಸಂಜೆ ಬರಬೇಡ ಅಂದ್ಲು.

ಯಜಮಾನಿ ಹೂವಿನ ಕಟ್ಟನ್ನು ಮೆಲ್ಲಗೆ ಕೆಳಗಿಟ್ಟಳು. ಗಂಡ ಎದ್ದು ನಿಂತು, ಹೋಗಲಿ ಬಿಡು ಅನ್ನಲು ಬಾಯಿ ತೆರೆದ.

ಹೆಂಡತಿ: ಹೂವು ತಗೊಳ್ರೀ, ನಡೀರಿ. ಈಗಲೇ ಮನೆಗೆ ಬರಬೇಕಂತೆ. ಸಂಜೆ ಅಷ್ಟು ಜನರ ಮುಂದೆ ಮನಸ್ಸು ಬಿಚ್ಚಿ ಜಗಳ ಆಡೋಕಾಗಲ್ಲವಂತೆ.