ಬಸ್ಸು ಹತ್ತಿ ಹೋದ ಇ-ಮೇಲ್

ಕಂಪನಿಯವರು ಕೈಗೊಂದು ಮೊಬೈಲ್ ಕೊಟ್ಟು, ಇನ್ನು ಮುಂದೆ ಆಫೀಸು ನಿಮ್ಮ ಜೇಬಿನಲ್ಲೇ ಇರುತ್ತದೆ ಅಂದ ದಿನದಿಂದ ನನಗೆ ಒಂದಲ್ಲ ಒಂದು ಆಗುತ್ತಲೇ ಇದೆ. ನಾನಾಗಿ ಹುಡುಕಿಕೊಂಡು ಹೋದದ್ದು ಒಂದೂ ಅಲ್ಲ. ನಾನು ನನ್ನ ಪಾಡಿಗೆ ಬೈಕಿನಲ್ಲಿ ಹೋಗುತ್ತಿದ್ದರೆ ಅದೇ ಬಂದು ಕಾಲಿಗೆ ತೊಡರಿಕೊಳ್ಳುತ್ತದೆ.

ಔಷಧಿ ಹೊಡೆಯುವ ಪಂಪು ಮತ್ತು ಹುಲ್ಲು ಹೊಡೆಯುವ ಮಿಷನ್ನು ಮಾರುವುದು ನನ್ನ ಕೆಲಸ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಈ ಮೂರು ತಾಲ್ಲೂಕು ನನ್ನ ಏರಿಯಾ. ಗಿರಾಕಿಯ ಮನೆಗೆ ಹೋಗಿ, ಕಾಫಿ ಕುಡಿದು, ಮಿಷನ್ ಸ್ಟಾರ್ಟ್ ಮಾಡಿ ನಾಲ್ಕು ಮಾರು ಹುಲ್ಲು ಹೊಡೆದು ತೋರಿಸಿದರೆ ಅರ್ಧ ವ್ಯಾಪಾರ ಆದಂತೆ. ಇಷ್ಟು ವರ್ಷ ಹೀಗೇ ನಡೆದಿತ್ತು, ಯಾರಿಗೂ ತೊಂದರೆ ಇರಲಿಲ್ಲ.

ತೊಂದರೆ ಶುರುವಾದದ್ದು ಹೊಸ ಮ್ಯಾನೇಜರ್ ಬಂದ ಮೇಲೆ. ಅವರು ಬೆಂಗಳೂರಿನಲ್ಲಿ ಕೂತವರು. ಅವರ ಲೆಕ್ಕದಲ್ಲಿ ಮಾರುವುದು ಆಮೇಲೆ, ಮೊದಲು ಮೇಲ್. ದಿನಾ ಸಂಜೆ ಐದರೊಳಗೆ ಎಲ್ಲಿ ಹೋದೆ, ಯಾರನ್ನು ಕಂಡೆ, ಅವರು ಏನಂದರು ಎಂಬುದೆಲ್ಲ ಫೋಟೋ ಸಮೇತ ಅವರಿಗೆ ಮುಟ್ಟಬೇಕು. ಸಾರ್, ಇಲ್ಲಿ ಸಿಗ್ನಲ್ ಸಿಗಲ್ಲ ಅಂದರೆ, ಅದು ಕೆಲಸ ಮಾಡದವರು ಹೇಳುವ ನೆಪ ಅನ್ನುತ್ತಿದ್ದರು. ಕಡೆಗೊಂದು ದಿನ ಕಡ್ಡಿ ಮುರಿದ ಹಾಗೆ ಹೇಳಿದರು. ಮೇಲ್ ಹೀಗೇ ತಡವಾದರೆ ಈ ಏರಿಯಾವನ್ನೇ ಮುಚ್ಚಿ ನನ್ನನ್ನು ಕಲಬುರ್ಗಿ ಕಡೆಗೆ ಹಾಕುತ್ತಾರಂತೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳದು ಕೊಪ್ಪದಲ್ಲಿ ಹೊಲಿಗೆ ಅಂಗಡಿ, ಮದುವೆ ಸೀಸನ್ನಿನಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲದಷ್ಟು ಕೆಲಸ. ಅವಳು ಹೊಲಿಗೆ ನಿಲ್ಲಿಸದೆಯೇ, "ನೀವು ಹೋಗಿ ಬನ್ನಿ. ನಾನು ಊರವರ ರವಿಕೆಗಳನ್ನು ಅರ್ಧಕ್ಕೆ ಬಿಟ್ಟು ಎಲ್ಲಿಗೂ ಬರುವವಳಲ್ಲ" ಅಂದಳು. ಅವಳ ಅಡುಗೆ, ಅವಳ ಬೈಗುಳ ಎರಡೂ ಇಲ್ಲದೆ ಒಬ್ಬನೇ ರೂಮು ಮಾಡಿಕೊಂಡಿರುವುದನ್ನು ನೆನೆಸಿಕೊಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು. ಏನಾದರಾಗಲಿ, ಇನ್ನು ಮೇಲ್ ತಪ್ಪಿಸಬಾರದು ಅಂತ ತೀರ್ಮಾನ ಮಾಡಿದೆ.

ಕಲ್ಲಿನ ಮೇಲಿನ ಆಫೀಸು

ಎನ್.ಆರ್.ಪುರದ ಕಡಹಿನಬೈಲಿನ ಕಡೆ ಹೋದಾಗ ನನಗೆ ಒಂದು ಕಲ್ಲೇ ಗತಿ. ರಸ್ತೆಯಿಂದ ಸ್ವಲ್ಪ ಮೇಲೆ ದಿಬ್ಬದಲ್ಲಿ ಅದೊಂದು ಚಪ್ಪಟೆ ಕಲ್ಲು. ಅದರ ಮೇಲೆ ನಿಂತು ಪೂರ್ವಕ್ಕೆ ಮುಖ ಮಾಡಿದರೆ ನೆಟ್ ಬರುತ್ತದೆ, ಪಶ್ಚಿಮಕ್ಕೆ ತಿರುಗಿದರೆ ಹೋಗುತ್ತದೆ. ಇದು ಆ ಸುತ್ತಿನವರಿಗೆಲ್ಲ ಗೊತ್ತು. ಸಂಜೆ ಕೆಲಸ ಬಿಟ್ಟವರು ಅಲ್ಲಿ ಬಂದು ಸರದಿಯಲ್ಲಿ ನಿಲ್ಲುತ್ತಾರೆ. ಕಲ್ಲಿನ ಮೇಲಿರುವವರು ಮನೆ ವಿಷಯ ಮಾತಾಡುತ್ತಿದ್ದರೆ ಉಳಿದವರು ನಾಲ್ಕು ಹೆಜ್ಜೆ ದೂರ ಸರಿದು ಆಕಾಶ ನೋಡಬೇಕು, ಅದು ಅಲ್ಲಿನ ಕ್ರಮ.

ನನ್ನದು ಮನೆ ವಿಷಯ ಅಲ್ಲವಲ್ಲ, ಮೇಲ್. ಹಾಗಾಗಿ ಯಾರೂ ದೂರ ಸರಿಯಲಿಲ್ಲ. ಬದಲಿಗೆ ಹತ್ತಿರ ಬಂದರು. ಗದ್ದೆ ಕೆಲಸ ಮುಗಿಸಿ ಬಂದ ಒಬ್ಬರು ಅಜ್ಜಮ್ಮ, ಎಂತ ಬರೀತಿದೀರಿ ಅಂತ ಕೇಳಿದರು. ಇವತ್ತು ಯಾರ್ಯಾರನ್ನು ಕಂಡೆ ಅಂತ ಬರೀತಿದೀನಿ ಅಂದೆ. ಹಾಗಾದರೆ ನನ್ನನ್ನೂ ಬರೀರಿ, ಕಂಡ್ರಲ್ಲ ಅಂದರು. ಇನ್ನೊಬ್ಬರು ಫೋಟೋ ಸರಿ ಬಂದಿಲ್ಲ, ಬಿಸಿಲಿಗೆ ಎದುರು ನಿಂತು ತೆಗೆದಿದೀರಿ ಅಂದರು. ಅಷ್ಟರಲ್ಲಿ ಮ್ಯಾನೇಜರರ ಫೋನೇ ಬಂತು.

ಸಂಜೆ ಐದಾದರೂ ಮೇಲ್ ಇಲ್ಲ ಅಂತ ಅವರು ಶುರು ಮಾಡಿದರು. ಕಳಿಸುತ್ತಿದ್ದೇನೆ ಸಾರ್, ಆಫೀಸಿನಲ್ಲೇ ಇದ್ದೇನೆ ಅಂತ ಬಾಯಿಗೆ ಬಂದದ್ದು ಹೇಳಿದೆ. ಅವರು ಯಾವ ಆಫೀಸು, ಏನು ಅಷ್ಟು ಗಲಾಟೆ ಅಂತ ಬಿಡದೆ ಬೈಯತೊಡಗಿದರು. ಸ್ಪೀಕರ್ ಯಾವಾಗ ಆನ್ ಆಗಿತ್ತೋ ದೇವರಿಗೇ ಗೊತ್ತು, ಬೈಗುಳ ಸರದಿಯಲ್ಲಿದ್ದವರಿಗೆಲ್ಲ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತು ಕಾದು ನೋಡಿದ ಅಜ್ಜಮ್ಮ ಫೋನಿಗೆ ಬಾಯಿ ಹತ್ತಿರ ತಂದು ಸಮಾಧಾನದಲ್ಲೇ ಹೇಳಿದರು:

"ಸ್ವಾಮೀ, ಉಳಿದದ್ದು ನಾಳೆ ಬೈರಿ. ನಾನು ಮಗಳ ಹತ್ರ ಮಾತಾಡ್ಬೇಕು, ಇವರು ಕಲ್ಲಿಂದ ಇಳೀಲಿ."

ಮನೆಯಲ್ಲಿಲ್ಲದ ಇ-ಮೇಲ್

ನನ್ನ ಮೇಲನ್ನು ನಂಬುವುದಿಲ್ಲ ಅಂತ ಆಮೇಲೆ ಹೊಸ ಕಾನೂನು ಬಂತು. ಭೇಟಿ ಆದ ಮೇಲೆ ಗಿರಾಕಿಯೇ ಮ್ಯಾನೇಜರಿಗೆ ಒಂದು ಮೇಲ್ ಹಾಕಬೇಕು, ನಿಮ್ಮ ಕಡೆಯವರು ಬಂದಿದ್ದರು, ಸಮಾಧಾನವಾಯಿತು ಅಂತ.

ಕೊಪ್ಪದ ಹತ್ತಿರ ನಾರ್ವೆ ಅಂತ ಒಂದು ಹಳ್ಳಿ, ಅಲ್ಲಿನ ಗಿರಾಕಿಯೊಬ್ಬರನ್ನು ನಿಮಗೆ ಮೇಲ್ ಐಡಿ ಉಂಟಾ ಅಂತ ಕೇಳಿದೆ. ಅವರು, "ಉಂಟು. ಆದ್ರೆ ಮನೇಲಿಲ್ಲ, ಕೊಪ್ಪದಲ್ಲುಂಟು" ಅಂದರು. ಕೇಳುತ್ತಾ ಹೋದರೆ ಪಕ್ಕದ ಮನೆಯವರದ್ದೂ ಕೊಪ್ಪದಲ್ಲೇ, ಆಚೆ ಮನೆಯವರದ್ದೂ ಅಲ್ಲೇ. ಕೊಪ್ಪದಲ್ಲಿ ಅರ್ಜಿ ಹಾಕಿಕೊಡುವ ಕಂಪ್ಯೂಟರ್ ಅಂಗಡಿಯವನೊಬ್ಬ ಇದ್ದಾನೆ. ಯಾವ ಅರ್ಜಿಗೆ ಮೇಲ್ ಐಡಿ ಬೇಕಾದರೂ ಅವನೇ ಮಾಡಿಕೊಡುವುದು, ಪಾಸ್‌ವರ್ಡ್ ಇಟ್ಟುಕೊಳ್ಳುವುದೂ ಅವನೇ. ಜನಕ್ಕೆ ಅದರಲ್ಲಿ ತಪ್ಪೇನೂ ಕಂಡಿಲ್ಲ. ಮನೆಯಲ್ಲಿಟ್ಟರೆ ಕಳೆದುಹೋಗುತ್ತದೆ, ಅವನ ಹತ್ತಿರ ಇದ್ದರೆ ಜೋಪಾನ ಅಂತ ಅವರ ಲೆಕ್ಕ.

ಸರಿ, ನಾನು ಅಂಗಡಿಯವನ ಹತ್ತಿರ ಹೋಗಿ ವಿಷಯ ಹೇಳಿದೆ. ಪಾಪ, ಒಳ್ಳೆಯವನು. ನನ್ನ ಕಷ್ಟ ಕೇಳಿ ನನಗಿಂತ ಹೆಚ್ಚು ಮರುಗಿದ. ಗಿರಾಕಿಗಳು ಅವನಿಗೆ ಫೋನ್ ಮಾಡಿ ಹೇಳಿದರಾಯಿತು, ಅವನು ಅವರ ಹೆಸರಿನಲ್ಲಿ ಮೇಲ್ ಹಾಕುವುದು ಅಂತ ಆಯಿತು. ಮ್ಯಾನೇಜರಿಗೆ ಮೇಲ್ ಹೋಗತೊಡಗಿದವು. ಕಲಬುರ್ಗಿ ಸ್ವಲ್ಪ ದೂರ ಸರಿದ ಹಾಗೆ ಅನ್ನಿಸಿ ನಾನು ನೆಮ್ಮದಿಯಾಗಿ ಊಟ ಮಾಡತೊಡಗಿದೆ.

ಒಂದು ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಫೋನ್ ಮಾಡಿದರು. ಗುರುವಾರ ನೀವು ಶೃಂಗೇರಿಗೆ ಹೋಗಿ ಬಂದದ್ದು ಬಹಳ ಚೆನ್ನಾಗಿತ್ತು ಅಂತ ಗಿರಾಕಿ ಬರೆದಿದ್ದಾರೆ, ಗುರುವಾರ ಇನ್ನೂ ಬರಬೇಕಷ್ಟೆ, ಏನು ಕತೆ ಅಂತ ಕೇಳಿದರು. ನಾನು ಬೆವತುಹೋದೆ. ಬೈಕ್ ಹತ್ತಿ ಸೀದಾ ಅಂಗಡಿಗೆ ಹೋಗಿ, ಎಂತ ಮಾಡಿದ್ಯಾ ಮಾರಾಯ ಅಂತ ಕೇಳಿದೆ. ಅವನಿಗೆ ಒಂದಿಷ್ಟೂ ಗಾಬರಿ ಇಲ್ಲ.

"ದಿನಾ ಯಾಕೆ ತಲೆಬಿಸಿ ಅಂತ ಈ ವಾರದ್ದು ಪೂರ್ತಿ ಒಟ್ಟಿಗೇ ಹಾಕಿಬಿಟ್ಟೆ ಸಾರ್. ಇನ್ನು ನೀವು ಆರಾಮಾಗಿ ಹೋಗಿ ಬನ್ನಿ."

ಊರೂರಿಗೆ ನಿಲ್ಲುವ ಮನುಷ್ಯ

ಅಲ್ಲಿಗೆ ಗಿರಾಕಿಗಳು ಮೇಲ್ ಹಾಕುವುದೂ ನಿಂತಿತು. ಮ್ಯಾನೇಜರ್ ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಸಿದರು. ಮೊಬೈಲ್ ಎಲ್ಲೆಲ್ಲಿ ಹೋಯಿತು, ಎಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದನ್ನೆಲ್ಲ ಅದು ಗುರುತು ಹಾಕಿಟ್ಟುಕೊಂಡು, ನೆಟ್ ಸಿಕ್ಕ ಕೂಡಲೇ ಅವರಿಗೆ ಕಳಿಸುತ್ತದೆ. ಸಂಜೆಯ ಮೇಲ್ ಮಾತ್ರ ಹಾಗೇ ಉಳಿಯಿತು.

ಹರಿಹರಪುರದಿಂದ ಒಳಕ್ಕೆ ಹೋದರೆ ನನ್ನ ಗಿರಾಕಿಗಳು ಬಹಳ ಜನ, ಸಿಗ್ನಲ್ ಮಾತ್ರ ಸೊನ್ನೆ. ಮೇಲ್ ಕಳಿಸಲು ಕೊಪ್ಪದ ದಾರಿಯ ಏರು ಹತ್ತಬೇಕು. ಹೋಗಿ ಬಂದರೆ ಮಧ್ಯಾಹ್ನ ಅದಕ್ಕೇ ಆಯಿತು. ನಾನು ತಲೆ ಮೇಲೆ ಕೈ ಹೊತ್ತು ಬಸ್ ಸ್ಟಾಪಿನಲ್ಲಿ ಕೂತಿದ್ದಾಗ ದಾರಿ ತೋರಿಸಿದವನು ಬಸ್ಸಿನ ಕಂಡಕ್ಟರ್. ನಮ್ಮಲ್ಲಿ ಬಸ್ಸಿಗೆ ಕೊಟ್ಟು ಕಳಿಸದ ಸಾಮಾನೇ ಇಲ್ಲ. ಔಷಧಿ, ಮಲ್ಲಿಗೆ ದಂಡೆ, ಪಂಪಿನ ವಾಷರ್ರು, ಮರೆತುಹೋದ ಕನ್ನಡಕ ಎಲ್ಲವೂ ಕಂಡಕ್ಟರ್ ಕೈಯಲ್ಲೇ ಹೋಗುವುದು. ಮೇಲ್ ಬರೆದು ಒತ್ತಿ ಮೊಬೈಲ್ ಕೊಡಿ ಸಾರ್, ಏರು ಹತ್ತಿದ ಕೂಡಲೇ ಅದೇ ಹೋಗ್ತದೆ, ವಾಪಸ್ ಬರುವಾಗ ಕೊಡ್ತೇನೆ ಅಂದ. ಅವನು ಹೇಳಿದ್ದು ನಿಜ. ಬಸ್ಸು ಆ ಏರು ಹತ್ತಿ ಮುಗಿಸಿದರೆ ಸಾಕು, ಒಳಗಿದ್ದವರ ಮೊಬೈಲೆಲ್ಲ ಒಟ್ಟಿಗೆ ಟಿಣ್ ಟಿಣ್ ಅನ್ನುತ್ತವೆ.

ಹಾಗೆ ನನ್ನ ಮೇಲ್ ಬಸ್ಸಿನಲ್ಲಿ ಹೋಗತೊಡಗಿತು. ನಾನು ಗಿರಾಕಿಯ ತೋಟದಲ್ಲಿ ಬೆವರು ಸುರಿಸುತ್ತಿದ್ದರೆ ಮೊಬೈಲ್ ಕಿಟಕಿ ಪಕ್ಕ ಗಾಳಿ ಕುಡಿಯುತ್ತಾ ಕೊಪ್ಪಕ್ಕೂ ಶೃಂಗೇರಿಗೂ ಓಡಾಡುತ್ತಿತ್ತು. ಒಂದು ದಿನ ಎಲ್ಲ ಏರಿಯಾದವರನ್ನೂ ಸೇರಿಸಿ ಫೋನಿನಲ್ಲೇ ಮೀಟಿಂಗು. ಮ್ಯಾನೇಜರ್ ಆ್ಯಪ್ ನೋಡಿ ನನ್ನ ಹೆಸರು ಹೇಳಿದರು. ನಾನು ಕಲಬುರ್ಗಿಯೇ ಗಟ್ಟಿ ಅಂದುಕೊಂಡು ಕಣ್ಣು ಮುಚ್ಚಿದೆ.

"ಇವರನ್ನು ನೋಡಿ ಕಲೀರಿ. ಒಂದು ಊರೂ ಬಿಡದೆ ಎಲ್ಲ ಕಡೆ ಒಂದೊಂದು ನಿಮಿಷ ನಿಂತು, ಜನರನ್ನು ಮಾತಾಡಿಸಿ ಮುಂದೆ ಹೋಗ್ತಾರೆ. ಫೀಲ್ಡ್ ವರ್ಕ್ ಅಂದ್ರೆ ಇದು."

ಊಟದ ಹೊತ್ತು

ಹೊಗಳಿಕೆ ಬಹಳ ದಿನ ಬಾಳಲಿಲ್ಲ. ಒಂದು ದಿನ ಮೊಬೈಲ್ ಹತ್ತಿಸಿದ ಬಸ್ಸು ಕೊಪ್ಪ ಮುಟ್ಟಿದ ಮೇಲೆ ಮದುವೆ ದಿಬ್ಬಣಕ್ಕೆ ಬಾಡಿಗೆ ಹೋಗುವುದಿತ್ತು. ಅದು ನನಗೆ ತಿಳಿದಿರಲಿಲ್ಲ, ಕಂಡಕ್ಟರನಿಗೆ ಹೇಳಲು ನೆನಪಾಗಲಿಲ್ಲ. ನನ್ನ ಮೊಬೈಲ್ ದಿಬ್ಬಣದ ಜೊತೆ ಹೋಗಿ ಛತ್ರದಲ್ಲಿ ಸಂಜೆಯವರೆಗೆ ಕೂತಿತ್ತು. ಆ್ಯಪ್ ಅಷ್ಟನ್ನೂ ವರದಿ ಮಾಡಿತು. ಕೆಲಸದ ದಿನ ಇಡೀ ಮದುವೆ ಮನೆಯಲ್ಲಿ ಕೂತಿದ್ದೀರಿ, ನಾನೇ ಬಂದು ನೋಡುತ್ತೇನೆ ಅಂದರು ಮ್ಯಾನೇಜರ್. ಬಸ್ಸಿನ ಕತೆ ಪೂರ್ತಿ ಹೇಳಿದೆ, ನಂಬಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಬಂದರು. ಕೊಪ್ಪದಿಂದ ನನ್ನ ಬೈಕಿನ ಹಿಂದೆ ಕೂತರು. ಏರು ದಾಟಿ ಇಳಿಯುವಾಗ ಹಿಂದಿನಿಂದಲೇ ಹೇಳಿದರು, ನಿಮ್ಮ ಏರಿಯಾದ ವಿಷಯ ಬರೆದು ಜನರಲ್ ಮ್ಯಾನೇಜರಿಗೆ ಮೇಲ್ ಒತ್ತಿದ್ದೇನೆ, ಅವರು ಇವತ್ತು ಎರಡು ಗಂಟೆಯೊಳಗೆ ಕೇಳಿದ್ದರು ಅಂತ. ಹೆಂಡತಿಗೆ ಏನು ಹೇಳುವುದು ಅಂತ ಯೋಚನೆ ಮಾಡುತ್ತಲೇ ಹರಿಹರಪುರ ದಾಟಿ ಗಿರಾಕಿಯ ಮನೆ ಮುಟ್ಟಿದೆ. ಮನೆ ರಸ್ತೆಗೇ ತಾಗಿಕೊಂಡಿದೆ, ಬಸ್ಸು ಅಲ್ಲೇ ನಿಲ್ಲುತ್ತದೆ.

ಮಿಷನ್ ತೋರಿಸಿ ಆಯಿತು. ಮ್ಯಾನೇಜರ್ ಮೊಬೈಲ್ ತೆಗೆದು ನೋಡಿದರೆ ಮೇಲ್ ಹೋಗೇ ಇಲ್ಲ. ಅವರು ಒತ್ತುವಷ್ಟರಲ್ಲಿ ನಾವು ಏರು ದಾಟಿಯಾಗಿತ್ತು. ಅಂಗಳದಲ್ಲಿ ಒಂದು ಸುತ್ತು ಹಾಕಿದರು, ಜಗಲಿ ಹತ್ತಿದರು, ಕೈ ಎತ್ತಿ ಹಿಡಿದರು. ತಕ್ಷಣ ಕೊಪ್ಪದ ಕಡೆ ಹೋಗೋಣ ನಡೀರಿ ಅಂದರು. ಆದರೆ ಅಷ್ಟರಲ್ಲಿ ಒಳಗೆ ಎಲೆ ಹಾಕಿಯಾಗಿತ್ತು. ಊಟದ ಹೊತ್ತಿಗೆ ಬಂದವರನ್ನು ಉಣ್ಣದೆ ಹೊರಗೆ ಬಿಡುವ ಪದ್ಧತಿ ನಮ್ಮಲ್ಲಿ ಇಲ್ಲ. ಮನೆಯ ಯಜಮಾನರು ನನ್ನ ಬೈಕಿನ ಕೀ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡು, ಕೈ ತೊಳೀರಿ ಅಂದರು.

ಅದೇ ಹೊತ್ತಿಗೆ ಬಸ್ಸಿನ ಹಾರನ್ ಕೇಳಿತು. ಮ್ಯಾನೇಜರ್ ಗಡಿಯಾರ ನೋಡಿದರು, ಬಾಗಿಲ ಹತ್ತಿರ ನಿಂತ ಯಜಮಾನರನ್ನು ನೋಡಿದರು, ಕಡೆಗೆ ನನ್ನನ್ನು ನೋಡಿ ಮೊಬೈಲ್ ನನ್ನ ಕೈಗಿಟ್ಟರು. ನನ್ನ ವರ್ಗಾವಣೆಯನ್ನು ನಾನೇ ಕೈಯಾರೆ ಬಸ್ಸು ಹತ್ತಿಸಬೇಕಾಯಿತಲ್ಲ ಅಂದುಕೊಳ್ಳುತ್ತಾ ಬಸ್ಸಿನ ಕಡೆ ನಡೆದೆ. ಎಲ್ಲಾದರೂ ಬೀಳಿಸಿಬಿಡಲೇ ಅಂತಲೂ ಒಂದು ಕ್ಷಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಇದು ಸಾಹೇಬರದ್ದು, ಊಟಕ್ಕೆ ಕೂತಿದ್ದಾರೆ ಅಂದೆ, ಕಂಡಕ್ಟರ್ ಎಂದಿನಂತೆ ನಗುತ್ತಾ ತೆಗೆದುಕೊಂಡ. ಒಳಗೆ ಬಂದು ಕೂತರೆ ನನಗೆ ಅನ್ನ ಇಳಿಯಲಿಲ್ಲ. ಮ್ಯಾನೇಜರಿಗೆ ಚೆನ್ನಾಗಿಯೇ ಇಳಿಯಿತು. ಹಲಸಿನಕಾಯಿ ಪಲ್ಯ ಎರಡು ಸಲ ಹಾಕಿಸಿಕೊಂಡರು, ಪಾಯಸ ಬೇಡ ಬೇಡ ಅನ್ನುತ್ತಲೇ ಲೋಟ ಮುಂದೆ ಹಿಡಿದರು, ಆಮೇಲೆ ಜಗಲಿಯ ಚಾಪೆಯ ಮೇಲೆ ಒರಗಿದವರು ಹಾಗೇ ನಿದ್ದೆ ಹೋದರು.

ಬಸ್ಸು ವಾಪಸ್ ಬಂದಾಗ ನಾನೇ ಅವರನ್ನು ಎಬ್ಬಿಸಿದೆ. ಕಂಡಕ್ಟರ್ ಮೊಬೈಲ್ ಕೊಡುತ್ತಾ, ಏರಿನ ಮೇಲೆ ಒಂದು ಫೋನ್ ಬಂತು ಸಾರ್, ಬಿಡದೆ ಹೊಡ್ಕೊಳ್ತಿತ್ತು, ನಾನೇ ಎತ್ತಿ ಉತ್ತರ ಕೊಟ್ಟಿದ್ದೇನೆ ಅಂದ. ಮ್ಯಾನೇಜರ್ ಬಂದಿದ್ದ ಮೇಲ್ ಓದಿದರು. ಮುಖ ಬಿಳಿಚಿಕೊಂಡಿತು. ಮೊಬೈಲ್ ನನ್ನ ಕಡೆ ಚಾಚಿದರು. ಜನರಲ್ ಮ್ಯಾನೇಜರ್ ಬರೆದದ್ದು ಹೀಗಿತ್ತು: ಅಲ್ಲಿ ಎಲ್ಲ ಕಡೆ ಸಿಗ್ನಲ್ ಇದೆ, ಇಲ್ಲ ಅನ್ನುವುದು ನೆಪ, ಈತನನ್ನು ಬೇರೆ ಕಡೆ ಹಾಕಿ ಎಂಬ ನಿಮ್ಮ ಮೇಲ್ ತಲುಪಿತು. ಕೂಡಲೇ ಫೋನ್ ಮಾಡಿದೆ. ಯಾರೋ ಕಂಡಕ್ಟರ್ ಎತ್ತಿ, ಅವರು ಕೆಳಗೆ ಊಟಕ್ಕೆ ಕೂತಿದ್ದಾರೆ, ಫೋನು ಮಾತ್ರ ಬಸ್ಸಿನಲ್ಲಿದೆ ಅಂದ. ಇದೇನು ಅಂತ ಐದು ಗಂಟೆಯೊಳಗೆ ಮೇಲ್ ಮೂಲಕ ವಿವರಣೆ ಕೊಡಿ. ಅದು ಬಂದ ಮೇಲೆ ಆತನ ವರ್ಗಾವಣೆ ನೋಡೋಣ.

ಮಧ್ಯಾಹ್ನದ ಟ್ರಿಪ್ಪು ಅಲ್ಲಿಗೇ ಮುಗಿಯುವುದು, ಬಸ್ಸು ಇನ್ನೊಮ್ಮೆ ಕೊಪ್ಪಕ್ಕೆ ಹೊರಡಲು ತಿರುಗಿಸಿಕೊಳ್ಳುತ್ತಿತ್ತು. ಮ್ಯಾನೇಜರ್ ಜಗಲಿಯಲ್ಲಿ ಕೂತು ಅವಸರದಲ್ಲಿ ಬರೆಯತೊಡಗಿದರು. ನಾನು ಹಿಂದೆ ನಿಂತು ಓದಿದೆ, ನಾಚಿಕೆ ಬಿಟ್ಟೇ ಓದಿದೆ. ಇಲ್ಲಿ ಸಿಗ್ನಲ್ ಇಲ್ಲದಿರುವುದು ನಿಜ, ಇಲ್ಲಿನ ರೀತಿ ಗೊತ್ತಿರುವ ಇವರನ್ನೇ ಇಲ್ಲಿ ಮುಂದುವರಿಸುವುದು ಕಂಪನಿಗೆ ಒಳ್ಳೆಯದು ಅಂತ ಇತ್ತು. ನನಗೆ ಆಗಲೇ ಹೊಲಿಗೆ ಮಿಷನ್ನಿನ ಸದ್ದು ಕೇಳಿದ ಹಾಗಾಯಿತು. ಹೊತ್ತು ನೋಡಿ ಹಸಿವೂ ಆಯಿತು.

ಈ ಸಲ ಮೊಬೈಲ್ ಹಿಡಿದು ಬಸ್ಸಿನ ಬಾಗಿಲಿಗೆ ಮ್ಯಾನೇಜರೇ ಓಡಿದರು. ಕಂಡಕ್ಟರನ ಕೈ ಹಿಡಿದುಕೊಂಡು, "ಯಾರು ಫೋನ್ ಮಾಡಿದರೂ ಊಟದ ಸುದ್ದಿ ಮಾತ್ರ ಎತ್ತಬೇಡಿ ಮಾರಾಯ್ರೇ. ಇಲ್ಲಿ ಸಿಗ್ನಲ್ ಇಲ್ಲ, ಅಷ್ಟೇ ಹೇಳಿ" ಅಂದರು.

ಕಂಡಕ್ಟರ್ ಸೀಟಿ ಊದಲು ಹೊರಟವನು ಊದದೆ ಅವರ ಮುಖ ನೋಡಿದ.

"ಆಯ್ತು ಸಾರ್. ಆದ್ರೆ ಅದನ್ನ ಫೋನ್ ಎತ್ತಿ ಹೇಳೋದಾ, ಎತ್ತದೆ ಹೇಳೋದಾ?"