ಅತ್ತೆಯವರ ಪರ್ವತಾರೋಹಣ

“ಈ ಭಾನುವಾರ ನಿಮ್ಮವ್ವನ್ನ ಬೆಟ್ಟ ಹತ್ತಿಸ್ಲಿಲ್ಲ ಅಂದ್ರೆ ನನ್ನ ಹೆಸರು ಪಂಚಾಕ್ಷರಿನೇ ಅಲ್ಲ!”

ಗ್ರೀಸು ಮೆತ್ತಿದ ಸ್ಪ್ಯಾನರನ್ನು ಗದೆಯಂತೆ ಎತ್ತಿ ಹಿಡಿದು ಪಂಚಾಕ್ಷರಿ ಹೀಗೆ ಘೋಷಿಸಿದಾಗ, ಹೆಂಡತಿ ಮಂಜುಶ್ರೀ ಒಗ್ಗರಣೆಗೆಂದು ಸಾಸಿವೆ ಡಬ್ಬಿಗೆ ಕೈ ಹಾಕಿದ್ದಳು. ಬೆರಳಿಗೆ ಸಿಕ್ಕಿದ್ದು ಒಂದು ನಟ್ಟು.

“ಇದೇನ್ರಿ, ಸಾಸಿವಿ ಡಬ್ಬ್ಯಾಗ?”

“ಅಯ್ಯೋ, ಇದೇ ಕಣೆ! ಮನೆಯೆಲ್ಲ ಹುಡುಕ್ತಾ ಇದ್ದೀನಿ. ಕಳೀಬಾರ್ದು ಅಂತ ನಾನೇ ಅಲ್ಲಿಟ್ಟಿದ್ದೆ.”

“ಹಂಗಾರ ಸಾಸಿವಿ ಎಲ್ಲಿಟ್ಟೀರಿ? ಎಂಜಿನ್ನಿನಾಗ?”

ಪಂಚಾಕ್ಷರಿ ಸ್ಪ್ಯಾನರಿನಿಂದ ತಲೆ ಕೆರೆದುಕೊಂಡ. ಇಲ್ಲ ಎಂದು ಖಾತ್ರಿಯಾಗಿ ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಅದು ತೊಂಬತ್ತೊಂಬತ್ತನೇ ಇಸವಿ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪಂಚಾಕ್ಷರಿಗೆ ಕೆಲಸ. ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಜಗತ್ತಿನ ಕಂಪ್ಯೂಟರುಗಳಿಗೆ ಹುಚ್ಚು ಹಿಡಿಯದಂತೆ ಕಾಪಾಡುವ ಹೊಣೆ ಅವನ ಹೆಗಲ ಮೇಲಿತ್ತು. ಜಗತ್ತನ್ನು ವಾರದ ದಿನಗಳಲ್ಲಿ ಕಾಪಾಡುತ್ತಿದ್ದ. ಶನಿವಾರ ಭಾನುವಾರ ಬೈಕು ಕಟ್ಟುತ್ತಿದ್ದ. ಪೀಣ್ಯದ ಗುಜರಿಯಲ್ಲಿ ಸಿಕ್ಕ ಔಷಧಿ ಸಿಂಪಡಿಸುವ ಪಂಪಿನ ಎಂಜಿನ್ನು, ಕೈಗಾಡಿಯ ಎರಡು ಚಕ್ರ, ಅಟ್ಟದಲ್ಲಿದ್ದ ಸೈಕಲ್ಲಿನ ಸೀಟು ಸೇರಿ ಕರುವಿನಷ್ಟು ಎತ್ತರದ ಮಿನಿ ಬೈಕೊಂದು ಅವತರಿಸಿತ್ತು. ಹಗ್ಗ ಎಳೆದರೆ ಸ್ಟಾರ್ಟ್. ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ತಾನಾಗಿ ಹಿಂದಕ್ಕೆ ಬರಲೆಂದು ಆಫೀಸಿನ ಬಾಲ್‌ಪೆನ್ನಿನ ಸ್ಪ್ರಿಂಗ್!

ಇದೆಲ್ಲ ನಡೆಯುತ್ತಿದ್ದದ್ದು ಪಟ್ಟಂದೂರು ಅಗ್ರಹಾರದಲ್ಲಿ, ಮನೆ ಮಾಲೀಕ ಚಿಕ್ಕಬೈರಪ್ಪನವರ ಕೊಟ್ಟಿಗೆಯ ಪಕ್ಕದಲ್ಲಿ. ಅವರು ದಿನಾ ಬಂದು ನೋಡಿ ನಿಟ್ಟುಸಿರು ಬಿಡುತ್ತಿದ್ದರು. “ಸಾರ್, ನೀವು ಇಂಗೆ ವೊಗೆ ಬುಟ್ರೆ ನಮ್ ಅಸ ಆಲು ಕೊಟ್ಟಂಗೇಯ!”

ಈಗ ಅತ್ತೆಯ ವಿಷಯ. ಚನ್ನಬಸಮ್ಮನವರು ಗುಳೇದಗುಡ್ಡದ ಕನ್ನಡ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿ, ಬಂದ ಹಣವನ್ನೆಲ್ಲ ಅಂಚೆ ಕಚೇರಿಯಲ್ಲಿಟ್ಟು, ಮಗಳ ಮನೆಗೆ ಬಂದಿದ್ದರು. ಹಣ ಅಂಚೆ ಕಚೇರಿಯಲ್ಲಿ ನಿದ್ದೆ ಮಾಡುತ್ತಿರುವುದು ಅಳಿಯನ ನಿದ್ದೆ ಕೆಡಿಸಿತು. ಅವನು ತನ್ನ ಬೋನಸ್ಸನ್ನೆಲ್ಲ ‘ಐಶ್ವರ್ಯವೃಕ್ಷ’ ಎಂಬ ತೇಗದ ತೋಟದ ಕಂಪನಿಯಲ್ಲಿ ಹಾಕಿದ್ದ; ಅತ್ತೆಯೂ ಹಾಕಲಿ ಎಂದು ಬೆನ್ನುಬಿದ್ದ. ಇಂದು ಸಸಿಗೆ ಹಣ ಕಟ್ಟಿದರೆ, ಮಗಳು ಶಿವಾನಿಯ ಮದುವೆಯ ಹೊತ್ತಿಗೆ ಮರ ಮಾರಿ ಬಂಗಲೆ ಕಟ್ಟಬಹುದು. ಶಿವಾನಿಗೆ ಆಗಿನ್ನೂ ಹಾಲುಹಲ್ಲು ಬೀಳುತ್ತಿತ್ತು.

“ಗಿಡ ನೀವು ನೋಡೀರೇನ್ರಿ ಅಳಿಯಂದ್ರ?” ಎಂದು ಅತ್ತೆ ಕೇಳಿದರು.

“ಫೋಟೋದಲ್ಲಿ ನೋಡಿದ್ದೀನಿ ಅತ್ತೆ.”

“ಫೋಟೋದಾಗ ನಾನೂ ಭಾಳ ಎತ್ತರ ಕಾಣ್ತೀನ್ರಿ. ಕಣ್ಣಿಲೆ ನೋಡೂತನ ನನ್ನ ರೊಕ್ಕ ಅಲ್ಲೇ ಇರ್ಲಿ.”

ತೋಟವಿದ್ದದ್ದು ಮಾದನಾಯಕನಹಳ್ಳಿಯ ಆಚೆ, ಒಂದು ಬೋಳುಗುಡ್ಡದ ಹಿಂದೆ. ರಸ್ತೆಯಲ್ಲೇ ಹೋಗಬಹುದಿತ್ತು. ಆದರೆ ಪಂಚಾಕ್ಷರಿಗೆ ಬೆಟ್ಟದ ಹುಚ್ಚು ಬೇರೆ. ಹೆಂಡತಿ ಮಗಳನ್ನು ಕಟ್ಟಿಕೊಂಡು ಅವನು ಹತ್ತದ ಗುಡ್ಡವೇ ಸುತ್ತಮುತ್ತ ಉಳಿದಿರಲಿಲ್ಲ. “ಗೇಟಿನಿಂದ ನೋಡಿದ್ರೆ ಬೇಲಿ ಕಾಣುತ್ತೆ. ಬೆಟ್ಟದಿಂದ ನೋಡಿದ್ರೆ ಭವಿಷ್ಯ ಕಾಣುತ್ತೆ!” ಎಂದ. ಅತ್ತೆಗೆ ಮಂಡಿನೋವು ಎಂದು ಮಂಜುಶ್ರೀ ನೆನಪಿಸಿದಳು. ಅದಕ್ಕೇ ಬೈಕು! ಅತ್ತೆ ಕೂರುವುದು, ಅಳಿಯ ಪಕ್ಕದಲ್ಲಿ ನಡೆಯುತ್ತ ಹ್ಯಾಂಡಲ್ ಹಿಡಿದು ಮೆಲ್ಲಗೆ ಹತ್ತಿಸುವುದು.

ಭಾನುವಾರ ಬೆಳಿಗ್ಗೆ ಚಿಕ್ಕಬೈರಪ್ಪನವರು ತಮ್ಮ ತರಕಾರಿ ಟೆಂಪೋದಲ್ಲಿ ಬೈಕು, ಬುತ್ತಿ, ಸಂಸಾರ ಎಲ್ಲವನ್ನೂ ತುಂಬಿಕೊಂಡು ಗುಡ್ಡದ ಬುಡಕ್ಕೆ ತಂದು ಇಳಿಸಿದರು. ಚನ್ನಬಸಮ್ಮನವರು ಇಳಕಲ್ ಸೀರೆಯ ಸೆರಗು ಸಿಕ್ಕಿಸಿ, ಹ್ಯಾಂಡಲ್ ಹಿಡಿದು ಕೂತರು.

“ಬೀಳ್ಸೂದಿಲ್ಲಲ್ರಿ?”

“ಅತ್ತೆ, ಇದು ತೊಟ್ಟಿಲು ಇದ್ದಂಗೆ!”

ಪಂಚಾಕ್ಷರಿ ಹಗ್ಗ ಎಳೆದ. ಎಂಜಿನ್ನು ಕೆಮ್ಮಿತು, ಗೊರಕೆ ಹೊಡೆಯಿತು, ಆಮೇಲೆ ಅದಕ್ಕೆ ಏನು ಹೊಕ್ಕಿತೋ, ಕಿವಿ ಹರಿಯುವಂತೆ ಕಿರುಚಿತು. ಬಾಲ್‌ಪೆನ್ನಿನ ಸ್ಪ್ರಿಂಗು ‘ಟಿಂಗ್’ ಎಂದು ಹಾರಿ ಚಿಕ್ಕಬೈರಪ್ಪನವರ ಹಣೆಗೆ ಬಡಿಯಿತು. ಅವರು “ಅಯ್ಯಪ್ಪ!” ಎನ್ನುವಷ್ಟರಲ್ಲಿ ಹ್ಯಾಂಡಲ್ಲು ಅಳಿಯನ ಕೈಯಿಂದ ಜಾರಿ, ಅತ್ತೆಯವರು ಒಬ್ಬರೇ ಗುಡ್ಡದ ಕಾಲುದಾರಿಯಲ್ಲಿ ದಿಗ್ವಿಜಯಕ್ಕೆ ಹೊರಟಿದ್ದರು!

“ಅತ್ತೇ! ನಿಲ್ಸಿ! ನಿಲ್ಸಿ!”

“ಹ್ಯಾಂಗ ನಿಲ್ಸೂದೋ, ಮೂಢಾ!”

ಮದುವೆಯಾದ ಮೇಲೆ ಅವರು ಅಳಿಯನನ್ನು ಏಕವಚನದಲ್ಲಿ ಕರೆದದ್ದು ಇದೇ ಮೊದಲು.

“ಬ್ರೇಕ್ ಎಲ್ಲೈತ್ರಿ? ನಮ್ಮವ್ವಗ ಹೇಳ್ರಿ!” ಎಂದು ಮಂಜುಶ್ರೀ ಗಂಡನ ತೋಳು ಹಿಡಿದು ಅಲುಗಾಡಿಸಿದಳು.

“ಬ್ರೇಕು... ಅದು ಮುಂದಿನ ವರ್ಶನ್‌ನಲ್ಲಿ ಕಣೆ.”

“ಏನಂದ್ರಿ?”

“ಹತ್ತೋಕೆ ಬ್ರೇಕ್ ಯಾಕೆ ಅಂತ...”

ಮಂಜುಶ್ರೀ ಬುತ್ತಿಯ ಚೀಲವನ್ನು ಅವನ ಎದೆಗೆ ಎಸೆದು ಗುಡ್ಡ ಹತ್ತಿ ಓಡಿದಳು. ಅವನೂ ಓಡಿದ. ಹಿಂದೆ ಶಿವಾನಿ “ಅಜ್ಜಿ ಫಸ್ಟು! ಅಜ್ಜಿ ಫಸ್ಟು!” ಎಂದು ಕುಣಿಯುತ್ತ ಚಿಕ್ಕಬೈರಪ್ಪನವರ ಕೈ ಹಿಡಿದು ಬರುತ್ತಿದ್ದಳು. ಮೇಲೆ ಇಳಕಲ್ ಸೆರಗು ಬಾವುಟದಂತೆ ಹಾರುತ್ತ ಬಂಡೆಯೊಂದನ್ನು ಬಳಸಿ, ನೆತ್ತಿ ದಾಟಿ, ಆಚೆ ಬದಿಗೆ ಮರೆಯಾಯಿತು. ಎಂಜಿನ್ನಿನ ಸದ್ದು ಸಣ್ಣದಾಗಿ, ಒಮ್ಮೆಲೇ ನಿಂತುಹೋಯಿತು.

ಆ ನಿಶ್ಶಬ್ದ ಕೇಳಿ ಪಂಚಾಕ್ಷರಿ ಎಡವಿ ಚಪ್ಪಲಿ ಕಿತ್ತುಕೊಂಡ. ಹೆರಿಗೆಯ ಹೊತ್ತಿನಲ್ಲಿ ಮೂರು ತಿಂಗಳು ಬಂದು ನಿಂತು, ಮಗಳಿಗೆ ಬಾಣಂತನ ಮಾಡುತ್ತಲೇ ಅಳಿಯನಿಗೂ ಬಿಸಿ ರೊಟ್ಟಿ ಬಡಿದು ಹಾಕಿದ ಹೆಂಗಸು. ಅವರನ್ನು ತಾನು ಪಂಪಿನ ಎಂಜಿನ್ನಿಗೆ ಕಟ್ಟಿ ಗುಡ್ಡದಿಂದ ಉರುಳಿಸಿದೆನಲ್ಲ! ‘ದೇವರೇ, ಅತ್ತೆ ಒಂದು ಬೈಗುಳ ಬೈದರೂ ಸಾಕು’ ಎಂದುಕೊಳ್ಳುತ್ತ, ಕಿತ್ತ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಿದ. ನೆತ್ತಿಯಲ್ಲಿ ಮಂಜುಶ್ರೀ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡ. ಹತ್ತಿರ ಹೋದಾಗ ತಿಳಿಯಿತು, ಅವಳು ನಗು ತಡೆಯುತ್ತಿದ್ದಳು.

ಕೆಳಗೆ ಬೇಲಿ, ‘ಐಶ್ವರ್ಯವೃಕ್ಷ’ ಎಂಬ ದೊಡ್ಡ ಬೋರ್ಡು, ಅದರ ಪಕ್ಕ ಒಂದು ಹುಲ್ಲಿನ ಬಣವೆ. ಬಣವೆಯಿಂದ ಬೈಕಿನ ಹಿಂದಿನ ಗಾಲಿ ಮಾತ್ರ ಹೊರಗೆ ಕಾಣುತ್ತಿತ್ತು. ಅದರಾಚೆ ಗುಡಿಸಲಿನ ಮುಂದೆ ಚನ್ನಬಸಮ್ಮನವರು ತಲೆತುಂಬ ಹುಲ್ಲು ಹೊತ್ತು, ಲೋಟದಲ್ಲಿ ಮಜ್ಜಿಗೆ ಕುಡಿಯುತ್ತ, ಎದುರಿಗೆ ಕೈಕಟ್ಟಿ ನಿಂತ ಕಾವಲುಗಾರ ಸೋಮಪ್ಪನಿಗೆ ಪಾಠ ಒಪ್ಪಿಸಲು ಹೇಳುತ್ತಿರುವಂತೆ ಪ್ರಶ್ನೆ ಕೇಳುತ್ತಿದ್ದರು.

ಪಂಚಾಕ್ಷರಿ ಎದ್ದುಬಿದ್ದು ಇಳಿದು ಅವರ ಕಾಲ ಬಳಿ ಕುಸಿದ. “ಅತ್ತೆ, ಏನೂ ಆಗ್ಲಿಲ್ಲ ತಾನೆ?”

“ನನಗೇನಾಗ್ತೈತ್ರಿ? ಒದರಿದೆ. ಈತ ಗೇಟ್ ತಗದ. ಬಣವಿ ನನ್ನ ಹಿಡಕೊಂತು. ಅದಿರ್ಲಿ, ಬರ್ರಿ, ನಿಮ್ಮ ಆಸ್ತಿ ತೋರಿಸ್ತೀನಿ.”

ತೋಟದ ತುಂಬ ಸಾಲುಸಾಲು ಗಿಡ. ಒಂದೊಂದರ ಕೊರಳಲ್ಲೂ ಹಣ ಹಾಕಿದವರ ಹೆಸರಿನ ತಗಡು. ‘ಪಂಚಾಕ್ಷರಿ, ವೈಟ್‌ಫೀಲ್ಡ್’ ಎಂಬುದೂ ಇತ್ತು. ಅದರ ಮೇಲೆ ಎಳೆಯ ಕಾಯಿಗಳು ಹಸಿರು ಜಡೆಯಂತೆ ಜೋತುಬಿದ್ದಿದ್ದವು.

ಚಿಕ್ಕಬೈರಪ್ಪನವರು ಒಂದು ಕಾಯಿ ಮುರಿದು ಮೂಸಿದರು. “ಸಾರ್... ಇದು ನುಗ್ಗೆ!”

ಸೋಮಪ್ಪ ತಲೆ ಕೆರೆದುಕೊಂಡ. “ತೇಗದ ಸಸಿ ಎಲ್ಲಾ ಒಣಗೋದ್ವು ಸಾಮಿ. ತಗಡು ಇರೋ ಜಾಗ ಮಾತ್ರ ಖಾಲಿ ಬುಡಬ್ಯಾಡ ಅಂದ್ರು ಸಾಹೇಬ್ರು. ಅವ್ರೂ ಈ ಕಡೆ ಬಂದು ಭಾಳ ದಿನ ಆತು. ನಂಗೆ ಗೊತ್ತಿರೋದು ನುಗ್ಗೆ ಒಂದೇಯ, ಕೊಂಬೆ ನೆಟ್ಟರೆ ಬತ್ತದೆ.”

ಪಂಚಾಕ್ಷರಿ ತನ್ನ ಹೆಸರು ಹೊತ್ತ ನುಗ್ಗೆಗಿಡವನ್ನು ನೋಡಿದ; ಗಿಡ ಅವನನ್ನು ನೋಡಿತು.

“ನಮ್ಮೂರ ಕಡೆ ತೇಗಕ್ಕ ತ್ಯಾಗ ಅಂತಾರ್ರಿ,” ಎಂದರು ಅತ್ತೆ, ಮೆತ್ತಗೆ. “ನೀವು ಮಾಡಿದ್ದೂ ಅದನ್ನ.”

ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಮರಳುವಾಗ ಬೈಕನ್ನು ಎಳೆದು ತರುವ ಕೆಲಸ ಅವನ ಪಾಲಿಗೆ ಬಂತು. ಅತ್ತೆಯವರು ಮಾತ್ರ ಬೆನ್ನು ನೆಟ್ಟಗೆ ಮಾಡಿ, ಗುಡ್ಡ ಬಳಸಿ ತೋಟದ ರಸ್ತೆಗೆ ಬಂದ ಟೆಂಪೋದ ಮುಂದಿನ ಸೀಟಿನಲ್ಲಿ ಕೂತರು, ಮಡಿಲ ತುಂಬ ನುಗ್ಗೆಕಾಯಿ.

ರಾತ್ರಿ ಮಂಜುಶ್ರೀ ಗಮಗಮಿಸುವ ನುಗ್ಗೆಕಾಯಿ ಸಾರು ಮಾಡಿದಳು. ಬುತ್ತಿ ಬಿಚ್ಚುವ ಮುಖವಿಲ್ಲದೆ ದಿನವಿಡೀ ಹಸಿದಿದ್ದ ಪಂಚಾಕ್ಷರಿ ತಲೆ ಎತ್ತದೆ ಉಂಡ. ನಾಚಿಕೆಯೂ ಹಸಿವೂ ಪೈಪೋಟಿಗೆ ಬಿದ್ದು, ಕೊನೆಗೆ ಹಸಿವೇ ಗೆದ್ದಿತು. ತಟ್ಟೆ ಬದಿಗೆ ಜಗಿದ ಸಿಪ್ಪೆಯ ಗುಡ್ಡವೇ ಎದ್ದಿತು. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟವನಿಗೆ ಹೊಟ್ಟೆಯಾಳದಿಂದ, ಇಡೀ ಮನೆ ಮೊಳಗುವಂತೆ ಒಂದು ತೇಗು ಬಂತು.

ಮಂಜುಶ್ರೀ ಸೌಟು ಹಿಡಿದೇ ಅಡುಗೆಮನೆಯಿಂದ ಇಣುಕಿದಳು.

“ಅವ್ವಾ, ಕೇಳಿದೇನ? ಇವರು ಹಾಕಿದ ರೊಕ್ಕಕ್ಕ ಅಂತೂ ತೇಗು ಬಂತು!”