ಪೆಟ್ಟು ಹೇಗಾಯಿತು?

ಏಣಿಗೆ ನಮ್ಮ ಊರಿನಲ್ಲಿ ಬೇರೆಯೇ ಹೆಸರಿತ್ತು. ನಿಚ್ಚ... ನಿಚ್ಚಲಿಕೆಯೋ, ನಿಚ್ಚಣಿಕೆಯೋ. ಗದಗದ ಕಡೆಯಿಂದ ನರ್ಸ್ ಕೆಲಸಕ್ಕೆಂದು ಬಂಟ್ವಾಳಕ್ಕೆ ಬಂದು ನಲವತ್ತು ವರ್ಷ ದಾಟಿತು, ಶಬ್ದ ಅಳಿಸಿಹೋಗಿದೆ. ಬೀಳುವವರು ಮಾತ್ರ ಎಲ್ಲ ಊರಿನಲ್ಲೂ ಒಂದೇ ಥರ. ಬಿದ್ದ ಮೇಲೆ ಮೊದಲು ಹುಡುಕುವುದು ಮದ್ದನ್ನಲ್ಲ, ತಪ್ಪು ಯಾರದ್ದು ಎಂಬುದನ್ನು.

ಇತ್ತೀಚಿನವರೆಗೂ ನಾನಿದ್ದ ಕ್ಲಿನಿಕ್ಕಿನಲ್ಲಿ ಒಂದು ದಪ್ಪ ರಿಜಿಸ್ಟರ್ ಇತ್ತು. ಅದರ ಕೊನೆಯ ಕಾಲಂ, 'ಪೆಟ್ಟು ಹೇಗಾಯಿತು?' ಪೊಲೀಸರು ಬರಲಿ, ವಕೀಲರು ಬರಲಿ, ಇನ್ಶೂರೆನ್ಸಿನವರು ಬರಲಿ, ನೋಡುವುದು ಅದೊಂದನ್ನೇ. ಹಾಗಾಗಿ ಗಾಯಕ್ಕೆ ಹೊಲಿಗೆ ಹಾಕುವುದಕ್ಕಿಂತ ಆ ಕಾಲಂ ತುಂಬಿಸುವುದೇ ಕಷ್ಟ. ಯಾರು ಅತ್ತರೂ ಗದರಿಸಿದರೂ ಅದರಲ್ಲಿ ನಾನು ಒಂದು ಗೆರೆ ಸುಳ್ಳು ಬರೆದವಳಲ್ಲ. ನನ್ನ ಜಂಬ ಏನಿದ್ದರೂ ಅದೊಂದೇ.

ಏಣಿ ಹಿಡಿದವಳು

ಬೆಳ್ತಂಗಡಿ ಕಡೆಯ ಗಂಡಹೆಂಡತಿ ಬಂದರು. ಗಂಡ ಹಂಚು ಸರಿಮಾಡಲು ಹೋಗಿ ಏಣಿ ಸಮೇತ ಬಿದ್ದಿದ್ದ. ಮೊಣಕೈ ಊದಿತ್ತು.

"ಇವಳದ್ದೇ ತಪ್ಪು ಅಂತ ಬರೆಯಿರಿ ಸಿಸ್ಟರ್. ಏಣಿ ಹಿಡಿದುಕೋ ಅಂದರೆ ಬಿಟ್ಟು ಓಡಿದಳು."

"ಯಾಕಮ್ಮ ಬಿಟ್ಟಿರಿ?"

"ಫೋನ್ ಬಂತು. ಮೊಬೈಲು ಒಳಗಿತ್ತು."

"ಅಷ್ಟು ಅರ್ಜೆಂಟು ಯಾರದ್ದು ಫೋನು?"

ಹೆಂಡತಿ ಗಂಡನನ್ನು ನೋಡಿದಳು. ಗಂಡ ಫ್ಯಾನನ್ನು ನೋಡಿದ.

"ಹೇಳಿ ಈಗ, ಬಾಯಿಗೆ ಪೆಟ್ಟಾಗಲಿಲ್ಲವಲ್ಲ" ಎಂದಳು.

"ನಾನೇ ಮಾಡಿದ್ದು ಸಿಸ್ಟರ್, ಮೇಲಿನಿಂದ. ಏಣಿ ಗಟ್ಟಿ ಹಿಡಿ ಅಂತ ಹೇಳಲಿಕ್ಕೆ. ಕೂಗಿದರೆ ನಾನು ಹೆದರಿದ್ದು ನೆರೆಯವರಿಗೆ ಗೊತ್ತಾಗುತ್ತದಲ್ಲ?"

ಗಡಿಯ ಮರ

ನರಿಕೊಂಬಿನಲ್ಲಿ ಇಬ್ಬರು ನೆರೆಯವರು. ನಡುವೆ ಗಡಿಯಲ್ಲಿ ಒಂದು ತೆಂಗಿನ ಮರ. ಮರ ನಮ್ಮದು ಎಂದು ಇಬ್ಬರೂ ವರ್ಷಗಟ್ಟಲೆ ಜಗಳಾಡಿ, ಸರ್ವೆಯವರನ್ನು ಎರಡೆರಡು ಸಲ ಕರೆಸಿದವರು. ಮದುವೆ ಕಾಗದ ಕೊಡಲು ಬಂದ ಒಬ್ಬರ ಹೆಗಲಿಗೆ ಆ ಮರದಿಂದ ಕಾಯಿ ಬಿತ್ತು. ಪೆಟ್ಟಾದವರ ಹಿಂದೆಯೇ ನೆರೆಯವರಿಬ್ಬರೂ ಕ್ಲಿನಿಕ್ಕಿಗೆ ಬಂದರು.

"ಮರ ಇವರದ್ದು ಸಿಸ್ಟರ್. ನಾನು ಮೊದಲಿನಿಂದಲೂ ಹೇಳುತ್ತಾ ಇದ್ದೇನೆ" ಎಂದರು ಒಬ್ಬರು.

"ಛೆ ಛೆ, ಎಂಥ ಮಾತು ಮಾರಾಯ್ರೆ! ಅದು ನಿಮ್ಮ ಅಜ್ಜ ನೆಟ್ಟ ಮರ" ಎಂದರು ಇನ್ನೊಬ್ಬರು.

ಅಷ್ಟು ಮರ್ಯಾದೆಯಿಂದ ಆಸ್ತಿ ಬಿಟ್ಟುಕೊಟ್ಟವರನ್ನು ನಾನು ಬೇರೆಲ್ಲೂ ನೋಡಿಲ್ಲ. ಕೊನೆಗೆ ಪೆಟ್ಟಾದವರೇ ನರಳುತ್ತಾ ಕೇಳಿದರು, "ಬಿದ್ದ ಕಾಯಿ ಎಲ್ಲಿ ಉಂಟು?"

ಇಬ್ಬರೂ ಒಟ್ಟಿಗೆ ಹೇಳಿದರು, "ಕಾಯಿ ನಮ್ಮದು!"

ಎರಡು ಬೋರ್ಡು

ಪುಂಜಾಲಕಟ್ಟೆಯ ಕಡೆ ಒಬ್ಬರು ಹಾಜಿಯವರ ಜೀನಸಿನ ಅಂಗಡಿ. ಮಳೆಗಾಲದಲ್ಲಿ ಬಾಗಿಲ ಬಳಿ ಒಂದು ಬೋರ್ಡು ಇಟ್ಟರು: 'ನೆಲ ಒದ್ದೆ ಉಂಟು. ಜಾರಿ ಬಿದ್ದರೆ ನಾವು ಜವಾಬ್ದಾರರಲ್ಲ.' ಮರುದಿನವೇ ಒಬ್ಬ ಗಿರಾಕಿ ಅದೇ ಬೋರ್ಡಿಗೆ ಎಡವಿ ಬಿದ್ದು ಬಂದ.

"ಬೋರ್ಡು ಓದಲಿಲ್ಲವಾ?" ಎಂದು ಹಾಜಿಯವರು ಕೇಳಿದರು.

"ಓದಿದೆ. ಜಾರಿದರೆ ಅಂತ ಉಂಟು. ಎಡವಿದರೆ ಅಂತ ಇಲ್ಲವಲ್ಲ?"

ಹಾಜಿಯವರಿಗೆ ಅದು ನ್ಯಾಯವೆನ್ನಿಸಿತು. ಮೊದಲ ಬೋರ್ಡಿನ ಎದುರಿಗೆ ಇನ್ನೊಂದು ಇಟ್ಟರು: 'ಮುಂದೆ ಬೋರ್ಡು ಉಂಟು, ಎಚ್ಚರಿಕೆ.' ವಾರ ಕಳೆಯುವಷ್ಟರಲ್ಲಿ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವರೇ ಕ್ಲಿನಿಕ್ಕಿಗೆ ಬಂದರು. ಎಡವಿದ್ದು ಎರಡನೆಯದಕ್ಕೆ.

"ಯಾರ ತಪ್ಪು ಅಂತ ಬರೆಯಲಿ ಹಾಜಿಯವರೇ?"

"ಅಂಗಡಿಯ ಲೈಸನ್ಸು ಮಗನ ಹೆಸರಿನಲ್ಲಿ ಉಂಟು ಸಿಸ್ಟರ್. ಅವನ ಮೇಲೆ ಬರೆಯಿರಿ. ಹೇಗೂ ಅವ ದುಬೈಯಲ್ಲಿ ಇದ್ದಾನೆ, ಯಾರಿಗೂ ಸಿಗುವುದಿಲ್ಲ."

ಬಿಂಬುಳಿ

ಈಗ ನಾನು ಮೂಡಬಿದ್ರೆಯಲ್ಲಿ, ಮಗನ ಮನೆಯಲ್ಲಿದ್ದೇನೆ. ಪಕ್ಕದ ಮನೆಯ ಟೀಚರ ಅಂಗಳದಲ್ಲಿ ಒಂದು ಬಿಂಬುಳಿ ಮರ. ಗೊಂಚಲು ಗೊಂಚಲು ಹುಳಿಕಾಯಿ. ಕೇಳಿದರೆ ಬುಟ್ಟಿ ತುಂಬ ಕೊಡುವ ಹೆಂಗಸು. ಆದರೆ ಕೇಳಿ ತಂದ ಬಿಂಬುಳಿಗೆ ಆ ರುಚಿ ಎಲ್ಲಿ? ಹೋದ ವಾರ ಅವರು ಶಾಲೆಗೆ ಹೋದ ಮೇಲೆ ನಾನು ಕುರ್ಚಿ ಇಟ್ಟು ಅವರ ಕೆಂಪುಕಲ್ಲಿನ ಗೋಡೆ ಹತ್ತಿದೆ. ಮೇಲಿನ ಕಲ್ಲು ಕಿತ್ತುಬಂತು. ಕಲ್ಲು, ನಾನು, ನಾಲ್ಕು ಬಿಂಬುಳಿ ಒಟ್ಟಿಗೆ ಕೆಳಗೆ. ಬಲಗೈ ಮಣಿಕಟ್ಟು ಮುರಿಯಿತು.

ಪಾಪ, ಟೀಚರು ತಿಳಿದದ್ದೇ ಬೇರೆ. ನಾನು ನನ್ನ ಪಾಡಿಗೆ ನಡೆದು ಹೋಗುವಾಗ ತಮ್ಮ ಗೋಡೆಯ ಕಲ್ಲು ಮೈಮೇಲೆ ಬಿದ್ದದ್ದೆಂದು. "ದಮ್ಮಯ್ಯ, ಕೇಸು ಮಾತ್ರ ಮಾಡಬೇಡಿ ಅಮ್ಮ" ಎಂದು ಕಣ್ಣೀರು ಹಾಕಿದರು. ಅಂದಿನಿಂದ ಎರಡು ಹೊತ್ತೂ ಗಂಜಿ ತಂದು ಚಮಚದಲ್ಲಿ ಕುಡಿಸುತ್ತಾರೆ. ನಂಜಿಕೊಳ್ಳಲು ಬಿಂಬುಳಿ ಉಪ್ಪಿನಕಾಯಿ.

ಇವತ್ತು ಇನ್ಶೂರೆನ್ಸಿನ ಫಾರ್ಮು ಬಂತು. ನನ್ನ ಕೈ ಪ್ಲಾಸ್ಟರಿನಲ್ಲಿದೆ, ಹಾಗಾಗಿ ಮೊಮ್ಮಗಳು ಪೆನ್ನು ಹಿಡಿದು ಕೂತಳು. ಕಾನೂನು ಕಾಲೇಜಿಗೆ ಸೇರಿ ಮೂರು ತಿಂಗಳು, ಮಾತು ಮಾತ್ರ ಜಡ್ಜಿನದ್ದು.

"ಕೊನೆಯ ಪ್ರಶ್ನೆ ಅಜ್ಜಿ. ಪೆಟ್ಟು ಹೇಗಾಯಿತು? ದಾರಿಯಲ್ಲಿ ಹೋಗುವಾಗ ಗೋಡೆ ಬಿತ್ತು ಅಂತ ಬರೆಯುವ. ಗೋಡೆ ಅವರದ್ದು, ಜವಾಬ್ದಾರಿಯೂ ಅವರದ್ದೇ."

ನನಗೆ ಗಂಜಿ ಕುಡಿಸುತ್ತಿದ್ದ ಟೀಚರು ಕೇಳಿಸಿಕೊಂಡು, ತಲೆ ತಗ್ಗಿಸಿ, ಗಂಜಿ ಪಾತ್ರೆ ತೊಳೆಯಲು ಅಡುಗೆಮನೆಗೆ ಹೋದರು. ಸುಳ್ಳು ಬರೆಸಿದರೆ ಅವರು ಸಿಕ್ಕಿಬೀಳುತ್ತಾರೆ, ಸತ್ಯ ಬರೆಸಿದರೆ ನಾನು. ಹತ್ತಿರ ಬಾ ಎಂದು ಮೊಮ್ಮಗಳಿಗೆ ಕಣ್ಣುಸನ್ನೆ ಮಾಡಿದೆ.

"ಬರೆ ಮಗಾ. ನೆರೆಮನೆಯ ಬಿಂಬುಳಿ ಕದಿಯಲು ಗೋಡೆ ಹತ್ತಿ ಬಿದ್ದದ್ದು."

ಅವಳು ಪೆನ್ನು ಮೇಲೆತ್ತಿದಳು. "ಹಾಗೇ ಬರೆಯುವುದಾ ಅಜ್ಜಿ?"

"ಹಾಗೇ ಬರೆ. ಒಂದಕ್ಷರ ಬದಲಿಸಬೇಡ. ಕೈಬರಹ ಮಾತ್ರ ಡಾಕ್ಟರರದ್ದರ ಹಾಗೆ ಇರಲಿ."